ಮೋಟಾರಿನ ಊದುಗೊಳವೆ

ಬೆಂಕಿಯಿಲ್ಲದೆ ಹೊಗೆಯಾಡದು ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಆದರೆ ಸೌದೆಯ ಒಲೆಯ ಮುಂದೆ ಕುಳಿತು ಕಣ್ಣೊರಸಿಕೊಂಡ ನಮ್ಮ ತಾಯಂದಿರು ಈ ಗಾದೆಯ ಇನ್ನೊಂದು ಮಗ್ಗುಲನ್ನೂ ಬಲ್ಲವರಾಗಿದ್ದರು. ಬೆಂಕಿ ಚೆನ್ನಾಗಿ ಉರಿಯುವಲ್ಲಿ ಹೊಗೆಯಿಲ್ಲ. ಬೆಂಕಿ ಸಾಲದೆ ಹೋದಲ್ಲಿಯೇ ಹೊಗೆ. ಮಳೆಗಾಲದಲ್ಲಿ ನೆನೆದ ಮಡಲನ್ನೋ ಹಸಿ ಸೌದೆಯನ್ನೋ ಒಲೆಗೆ ತುರುಕಿದಾಗ ಮನೆಯೆಲ್ಲ ಹೊಗೆ ತುಂಬುತ್ತದೆ. ಆಗ ಊದುಗೊಳವೆಯನ್ನು ಹಿಡಿದು ಎರಡು ಸಲ ಊದಿದರೆ, ಅದುವರೆಗೆ ಸುರುಳಿ ಸುರುಳಿಯಾಗಿ ಮೇಲೇಳುತ್ತಿದ್ದ ಹೊಗೆಯೇ ಭಗ್ಗೆಂದು ಹೊತ್ತಿಕೊಂಡು ಜ್ವಾಲೆಯಾಗುತ್ತದೆ. ಹೊಗೆಯೆಂಬುದು ಉರಿಯದೆ ಉಳಿದ ಸೌದೆ. ಅದಕ್ಕೆ ಬೇಕಾಗಿದ್ದುದು ಇನ್ನಷ್ಟು ಗಾಳಿ ಮಾತ್ರ.

ಇಷ್ಟನ್ನು ತಿಳಿದವರಿಗೆ ಇಂದಿನ ಮೋಟಾರು ವಾಹನಗಳಲ್ಲಿರುವ ಒಂದು ಸಣ್ಣ ಯಂತ್ರದ ಮರ್ಮವು ಅರ್ಧ ತಿಳಿದಂತೆಯೇ ಸರಿ. ಗ್ಯಾರೇಜುಗಳಲ್ಲಿ ಇದನ್ನು ಸೆಕೆಂಡರಿ ಏರ್ ಪಂಪ್ ಎನ್ನುತ್ತಾರೆ. ಇಂಜಿನಿಗೆ ಉರಿಯಲೆಂದು ಸಿಗುವುದು ಮೊದಲ ಗಾಳಿ. ಉರಿದು ಹೊರಬೀಳುವ ಹೊಗೆಗೆ ಮತ್ತೊಮ್ಮೆ ಊಡುವುದು ಎರಡನೆಯ ಗಾಳಿ. ಈ ಎರಡನೆಯ ಗಾಳಿಯ ಕೆಲಸವೇನು, ಕೆಟ್ಟರೆ ಅದನ್ನು ಹೇಗೆ ಹೊಸದಾಗಿ ಜೋಡಿಸಬೇಕು, ಅದನ್ನು ಮುಚ್ಚಿಬಿಟ್ಟರೆ ನಷ್ಟ ಯಾರಿಗೆ ಎಂಬುದನ್ನು ನಮ್ಮ ಕನ್ನಡ ಕುಟುಂಬಗಳ ಮುಂದೆ ತಿಳಿಯಾಗಿ ಇಡುವುದು ಈ ಲೇಖನದ ಉದ್ದೇಶ. ಮನೆಗೊಂದು ಬೈಕು, ಎರಡು ಮನೆಗೊಂದು ಕಾರು ಎಂಬಂತಾಗಿರುವ ಈ ಕಾಲದಲ್ಲಿ ಇದು ಮೆಕ್ಯಾನಿಕರಿಗಷ್ಟೇ ಸಂಬಂಧಿಸಿದ ವಿಷಯವಲ್ಲ.

ಮೊದಲ ಒಂದು ನಿಮಿಷ

ಪೆಟ್ರೋಲ್ ಇಂಜಿನಿನಲ್ಲಿ ಒಂದು ಭಾಗ ಪೆಟ್ರೋಲು ಪೂರ್ತಿಯಾಗಿ ಉರಿಯಬೇಕಾದರೆ ತೂಕದಲ್ಲಿ ಸುಮಾರು 14.7 ಭಾಗ ಗಾಳಿ ಬೇಕು. ಇಂಜಿನು ಕಾದಿರುವಾಗ ಈ ಲೆಕ್ಕ ತಪ್ಪದಂತೆ ನೋಡಿಕೊಳ್ಳುವುದು ಕಷ್ಟವಲ್ಲ. ಕಷ್ಟವಿರುವುದು ಬೆಳಗಿನ ಮೊದಲ ಚಾಲನೆಯಲ್ಲಿ. ತಣ್ಣಗಿನ ಲೋಹದ ಗೋಡೆಗಳಿಗೆ ತಗಲಿದ ಪೆಟ್ರೋಲು ಆವಿಯಾಗದೆ ಹನಿಯಾಗಿಯೇ ಉಳಿಯುತ್ತದೆ. ಆದುದರಿಂದ ಇಂಜಿನು ನಿಲ್ಲದಿರಲೆಂದು ಬೇಕಾದುದಕ್ಕಿಂತ ಹೆಚ್ಚು ಪೆಟ್ರೋಲನ್ನು ಅದಕ್ಕೆ ಉಣಿಸಬೇಕಾಗುತ್ತದೆ. ಹಳೆಯ ವಾಹನಗಳಲ್ಲಿ ನಾವು ಚೋಕ್ ಎಳೆಯುತ್ತಿದ್ದುದು ಇದಕ್ಕಾಗಿಯೇ. ಇಂದಿನ ವಾಹನಗಳಲ್ಲಿ ಈ ಕೆಲಸವನ್ನು ಕಂಪ್ಯೂಟರು ತಾನಾಗಿ ಮಾಡುತ್ತದೆ.

ಹೀಗೆ ಹೆಚ್ಚಾದ ಪೆಟ್ರೋಲು ಎಲ್ಲಿಗೆ ಹೋಗುತ್ತದೆ? ಅರ್ಧ ಉರಿದುದು ಇಂಗಾಲದ ಮೊನಾಕ್ಸೈಡ್ ಎಂಬ ವಿಷಾನಿಲವಾಗಿ, ಉರಿಯದೆ ಉಳಿದುದು ಹೈಡ್ರೋಕಾರ್ಬನ್ ಎಂಬ ಆವಿಯಾಗಿ ಸೈಲೆನ್ಸರಿನ ಮೂಲಕ ಹೊರಬೀಳುತ್ತದೆ. ಇವುಗಳನ್ನು ಸುಟ್ಟು ಶುದ್ಧಿ ಮಾಡಲೆಂದೇ ಹೊಗೆಯ ದಾರಿಯಲ್ಲಿ ಕೆಟಲಿಟಿಕ್ ಕನ್ವರ್ಟರ್ ಎಂಬ ಪೆಟ್ಟಿಗೆಯಿದೆ. ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಎಂಬ ಬೆಲೆಬಾಳುವ ಲೋಹಗಳ ತೆಳುವಾದ ಲೇಪವಿರುವ, ಜೇನುಗೂಡಿನಂತಹ ರಚನೆ ಅದರ ಒಳಗಿರುತ್ತದೆ. ಆದರೆ ಈ ಪೆಟ್ಟಿಗೆ ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಏರುವವರೆಗೆ ಕೆಲಸವನ್ನೇ ಆರಂಭಿಸದು. ಎಂದರೆ, ಅತಿ ಹೆಚ್ಚು ಕೊಳೆ ಹೊರಬೀಳುವ ಹೊತ್ತಿನಲ್ಲಿಯೇ ಕಾವಲುಗಾರನು ನಿದ್ದೆಯಲ್ಲಿರುತ್ತಾನೆ!

ಇಲ್ಲಿಯೇ ನಮ್ಮ ಪಂಪಿನ ಪ್ರವೇಶ. ಇಂಜಿನು ತಣ್ಣಗಿದೆಯೆಂದು ಕಂಪ್ಯೂಟರಿಗೆ ತಿಳಿದೊಡನೆ ಪಂಪು ತಿರುಗತೊಡಗಿ, ಇಂಜಿನಿನಿಂದ ಆಗತಾನೆ ಹೊರಬಂದ ಬಿಸಿ ಹೊಗೆಗೆ ತಾಜಾ ಗಾಳಿಯನ್ನು ಊದುತ್ತದೆ. ಗಾಳಿಯಲ್ಲಿರುವ ಆಮ್ಲಜನಕ ಸಿಕ್ಕಿದ ಕೂಡಲೇ ಉರಿಯದುಳಿದ ಅಂಶವು ಆ ಬಿಸಿಯಲ್ಲಿಯೇ ಉರಿದು ನೀರಾವಿಯೂ ಇಂಗಾಲದ ಡೈಆಕ್ಸೈಡೂ ಆಗುತ್ತದೆ. ಲಾಭವು ಇಲ್ಲಿಗೇ ಮುಗಿಯದು. ಹಾಗೆ ಉರಿಯುವಾಗ ಹುಟ್ಟಿದ ಶಾಖವು ಕನ್ವರ್ಟರಿಗೆ ತಾಗಿ, ಆ ನಿದ್ದೆಯ ಕಾವಲುಗಾರನನ್ನು ಬೇಗನೆ ಎಬ್ಬಿಸುತ್ತದೆ. ಒಂದು ನಿಮಿಷ, ಹೆಚ್ಚೆಂದರೆ ಒಂದೂವರೆ ನಿಮಿಷದಲ್ಲಿ ಕೆಲಸ ಮುಗಿದು ಪಂಪು ನಿಲ್ಲುತ್ತದೆ. ದಿನಕ್ಕೆ ಒಂದೆರಡು ನಿಮಿಷದ ದುಡಿಮೆ. ಆದರೆ ಆ ದುಡಿಮೆಯಿಲ್ಲದಿದ್ದರೆ ಹತ್ತಾರು ಕಿಲೋಮೀಟರ್ ಓಡಿದಾಗ ಬರುವುದಕ್ಕಿಂತಲೂ ಹೆಚ್ಚಿನ ಕೊಳೆಯನ್ನು ವಾಹನವು ಮನೆಯಂಗಳದಲ್ಲಿಯೇ ಉಗುಳಬಹುದು.

ಇಲ್ಲೊಂದು ಸಂದೇಹ ಸಹಜ. ಕಾಸರಗೋಡಿನಲ್ಲಿ ಚಳಿಯೆಲ್ಲಿದೆ? ಧನುರ್ಮಾಸದ ಬೆಳಗ್ಗೆಯೂ 20 ಡಿಗ್ರಿಯ ಆಸುಪಾಸಿನಲ್ಲಿರುವ ನಮ್ಮ ಊರಿಗೆ ಚಳಿದೇಶದ ಈ ಉಪಕರಣವೇಕೆ? ಉತ್ತರ ಸರಳವಾಗಿದೆ. ಕೆಲಸದಲ್ಲಿರುವ ಇಂಜಿನಿನ ನೀರಿನ ಶಾಖ 90 ಡಿಗ್ರಿಯಷ್ಟು. ಅದರ ಮುಂದೆ ನಮ್ಮ ಬೇಸಗೆಯ 33 ಡಿಗ್ರಿಯೂ ತಣ್ಣಗೆಯೇ. ಚಳಿದೇಶಗಳಲ್ಲಿ ತೊಂದರೆ ಹೆಚ್ಚು ಹೊತ್ತು ಇರುತ್ತದೆ, ನಮ್ಮಲ್ಲಿ ಕಡಿಮೆ ಹೊತ್ತು, ವ್ಯತ್ಯಾಸವಿರುವುದು ಅಷ್ಟರಲ್ಲೇ.

ಇದರ ಹಿಂದಿನ ಕಥೆ

ಈ ಕಲ್ಪನೆ ಇಂದು ನಿನ್ನೆಯದಲ್ಲ. ಅಮೆರಿಕದ ಲಾಸ್ ಏಂಜಲಿಸ್ ನಗರದಲ್ಲಿ 1940ರ ದಶಕದಿಂದ ಜನರ ಕಣ್ಣುರಿಸುವ ಮಬ್ಬೊಂದು ಕವಿಯತೊಡಗಿತ್ತು. 1950ರ ದಶಕದ ಆರಂಭದಲ್ಲಿ ಅಲ್ಲಿನ ರಸಾಯನ ವಿಜ್ಞಾನಿ ಆರಿ ಹಾಗೆನ್-ಸ್ಮಿಟ್ ಎಂಬವರು, ವಾಹನಗಳಿಂದ ಬರುವ ಹೈಡ್ರೋಕಾರ್ಬನ್ನೂ ಸಾರಜನಕದ ಆಕ್ಸೈಡುಗಳೂ ಬಿಸಿಲಿನಲ್ಲಿ ಬೆರೆತು ಈ ಮಬ್ಬು ಹುಟ್ಟುತ್ತದೆಂದು ತೋರಿಸಿಕೊಟ್ಟರು. ಅದರ ಫಲವಾಗಿ ಕ್ಯಾಲಿಫೋರ್ನಿಯ ರಾಜ್ಯದಲ್ಲಿ 1966ರ ಮಾದರಿಯ ಹೊಸ ಕಾರುಗಳಿಗೆ ಹೊಗೆ ನಿಯಂತ್ರಣವು ಕಡ್ಡಾಯವಾಯಿತು. ಆಗ ಹಲವು ಕಾರುಗಳಿಗೆ ಜೋಡಿಸಿದ್ದು ಇಂಜಿನಿನ ಬೆಲ್ಟಿನಿಂದ ತಿರುಗುವ ಗಾಳಿಯ ಪಂಪನ್ನೇ. ಕನ್ವರ್ಟರ್ ಎಂಬುದು ಅಲ್ಲಿನ ಕಾರುಗಳಿಗೆ ವ್ಯಾಪಕವಾಗಿ ಬಂದದ್ದು 1975ರ ಮಾದರಿಗಳಿಂದ. ಎಂದರೆ ಹೊಗೆ ಶುದ್ಧಿಯ ವಂಶಾವಳಿಯಲ್ಲಿ ಗಾಳಿ ಪಂಪು ಕನ್ವರ್ಟರಿಗಿಂತ ಹಿರಿಯದು. ಈಗಿನ ಪಂಪುಗಳನ್ನು ಬೆಲ್ಟು ತಿರುಗಿಸುವುದಿಲ್ಲ, ಬ್ಯಾಟರಿಯ ವಿದ್ಯುತ್ತು ತಿರುಗಿಸುತ್ತದೆ.

ನಮ್ಮ ದೇಶದಲ್ಲಿ ಪೆಟ್ರೋಲ್ ವಾಹನಗಳ ಹೊಗೆಗೆ ತಯಾರಿಕೆಯ ಹಂತದಲ್ಲಿಯೇ ಮಿತಿ ಬಂದುದು 1991ರಲ್ಲಿ. 1995ರಲ್ಲಿ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಕನ್ವರ್ಟರ್ ಕಡ್ಡಾಯವಾಯಿತು. ಸೀಸ ಬೆರೆತ ಪೆಟ್ರೋಲು ಕನ್ವರ್ಟರನ್ನು ಹಾಳುಗೆಡಹುವುದರಿಂದ, 2000ದ ಫೆಬ್ರವರಿಯಿಂದ ದೇಶದಾದ್ಯಂತ ಸೀಸರಹಿತ ಪೆಟ್ರೋಲೇ ಬಂದಿತು. ಬಳಿಕ ಭಾರತ್ ಸ್ಟೇಜ್ ಎಂಬ ಮೆಟ್ಟಿಲುಗಳು ಒಂದೊಂದಾಗಿ ಏರಿದುವು. 2017ರ ಏಪ್ರಿಲ್ 1ರಿಂದ ನಾಲ್ಕನೆಯ ಮೆಟ್ಟಿಲು, ಐದನೆಯದನ್ನು ಹಾರಿ 2020ರ ಏಪ್ರಿಲ್ 1ರಿಂದ ಆರನೆಯ ಮೆಟ್ಟಿಲು ಇಡೀ ದೇಶಕ್ಕೆ ಅನ್ವಯವಾದುವು.

ಪಂಪಿರುವುದು, ಪಂಪಿಲ್ಲದಿರುವುದು

ಓದುಗರು ತಮ್ಮ ವಾಹನದಲ್ಲಿ ಈ ಯಂತ್ರವನ್ನು ಹುಡುಕುವ ಮೊದಲು ಒಂದು ಮಾತು. ನಮ್ಮ ರಸ್ತೆಗಳಲ್ಲಿ ಹೆಚ್ಚಾಗಿ ಕಾಣುವ ಸಣ್ಣ ಕಾರುಗಳಲ್ಲಿ ಈ ಪಂಪು ಸಾಮಾನ್ಯವಾಗಿ ಇರುವುದಿಲ್ಲ. ಅವುಗಳ ಕನ್ವರ್ಟರನ್ನು ಇಂಜಿನಿಗೆ ತೀರ ಹತ್ತಿರದಲ್ಲಿಟ್ಟು ಬೇಗನೆ ಕಾಯುವಂತೆ ಮಾಡಿರುತ್ತಾರೆ. ಪಂಪು ಇರುವುದು ಫೋಕ್ಸ್‌ವ್ಯಾಗನ್, ಔಡಿ, ಬಿ.ಎಂ.ಡಬ್ಲ್ಯೂ., ಮರ್ಸಿಡಿಸ್ ಮೊದಲಾದ ಯುರೋಪಿನ ತಯಾರಿಕೆಗಳ ಕೆಲವು ಪೆಟ್ರೋಲ್ ಮಾದರಿಗಳಲ್ಲಿ ಮತ್ತು ಟೊಯೋಟಾದ ಕೆಲವು ದೊಡ್ಡ ಪೆಟ್ರೋಲ್ ವಾಹನಗಳಲ್ಲಿ. ಕೊಲ್ಲಿ ದೇಶಗಳಲ್ಲಿ ದುಡಿದು ಬಂದವರ ಮನೆಗಳಲ್ಲಿಯೂ, ಮಂಗಳೂರು ಬೆಂಗಳೂರುಗಳಿಂದ ಹಳೆಯ ದೊಡ್ಡ ಕಾರನ್ನು ಕೊಂಡು ತಂದವರ ಮನೆಗಳಲ್ಲಿಯೂ ಇಂತಹವು ಇಂದು ಅಪರೂಪವಲ್ಲ.

ಬೈಕು ಸ್ಕೂಟರುಗಳ ವಿಷಯ ಬೇರೆ. ಅವುಗಳಲ್ಲಿ ಹಲವಕ್ಕೆ ಎರಡನೆಯ ಗಾಳಿಯುಂಟು, ಆದರೆ ಪಂಪಿಲ್ಲ. ಹೊಗೆಯು ಸೈಲೆನ್ಸರಿನ ಕೊಳವೆಯಲ್ಲಿ ಒಂದೇ ಸಮನಾಗಿ ಹರಿಯುವುದಿಲ್ಲ. ಉಸಿರಿನಂತೆ ತಳ್ಳುತ್ತ ಸೆಳೆಯುತ್ತ ಅಲೆ ಅಲೆಯಾಗಿ ಸಾಗುತ್ತದೆ. ಸೆಳೆಯುವ ಕ್ಷಣದಲ್ಲಿ ರೀಡ್ ವಾಲ್ವ್ ಎಂಬ ತೆಳುವಾದ ಉಕ್ಕಿನ ನಾಲಗೆ ತೆರೆದು ಹೊರಗಿನ ಗಾಳಿಯನ್ನು ಒಳಬಿಡುತ್ತದೆ. ತಳ್ಳುವ ಕ್ಷಣದಲ್ಲಿ ಮುಚ್ಚಿಕೊಂಡು ಹೊಗೆ ಹಿಂದಕ್ಕೆ ಬಾರದಂತೆ ತಡೆಯುತ್ತದೆ. ನಮ್ಮ ಹಾರ್ಮೋನಿಯಂ ಪೆಟ್ಟಿಗೆಯೊಳಗಿನ ಹಿತ್ತಾಳೆಯ ನಾಲಗೆಯನ್ನು ನೋಡಿದವರಿಗೆ ಇದರ ರೂಪ ಬೇಗನೆ ಹೊಳೆದೀತು. ಯಮಹಾದವರು ಇದನ್ನು ಎ.ಐ.ಎಸ್. ಎಂದೂ, ಸುಜುಕಿಯವರು ಪೇರ್ ಎಂದೂ, ಕೆ.ಟಿ.ಎಂ.ನವರು ಎಸ್.ಎ.ಎಸ್. ಎಂದೂ ಕರೆಯುತ್ತಾರೆ. ಹೆಸರು ಹಲವು, ಕೆಲಸ ಒಂದೇ.

ಡೀಸೆಲ್ ಜೀಪು, ಲಾರಿ, ಬಸ್ಸುಗಳಲ್ಲಿ ಈ ಉಪಕರಣವನ್ನು ಹುಡುಕಬೇಕಾಗಿಲ್ಲ. ಡೀಸೆಲ್ ಇಂಜಿನು ಸ್ವಭಾವತಃ ಬೇಕಾದುದಕ್ಕಿಂತ ಹೆಚ್ಚು ಗಾಳಿಯನ್ನು ಎಳೆದುಕೊಂಡೇ ಉರಿಯುವಂಥದು. ಅದರ ಕಪ್ಪು ಮಸಿಗೆ ಬೇರೆಯೇ ಮದ್ದುಗಳಿವೆ.

ಮುಚ್ಚಿಬಿಡುವ ಚಪಲ

ಬೈಕಿನ ವೇಗವನ್ನು ಒಮ್ಮೆಲೇ ಇಳಿಸಿದಾಗ ಸೈಲೆನ್ಸರಿನಿಂದ ಪಟಪಟ ಶಬ್ದ ಬರುವುದುಂಟು. ಉರಿಯದುಳಿದ ಪೆಟ್ರೋಲಿನ ಆವಿಗೆ ಎರಡನೆಯ ಗಾಳಿ ತಾಗಿ ಕೊಳವೆಯೊಳಗೆ ಹೊತ್ತಿಕೊಳ್ಳುವ ಶಬ್ದವದು. ಅಲ್ಪಸ್ವಲ್ಪವಾದರೆ ಗಾಬರಿಗೆ ಕಾರಣವಿಲ್ಲ. ಜೋರಾಗಿ ಸಿಡಿಯುವಂತಿದ್ದರೆ, ವೇಗವಿಳಿಸುವ ಹೊತ್ತಿನಲ್ಲಿ ಗಾಳಿಯನ್ನು ತಡೆಹಿಡಿಯಬೇಕಾದ ವಾಲ್ವು ಕೆಟ್ಟಿರಬಹುದು, ಇಲ್ಲವೇ ಸೈಲೆನ್ಸರಿನ ಜೋಡಣೆಯಲ್ಲಿ ಸೋರಿಕೆ ಇರಬಹುದು. ಅದನ್ನು ಹುಡುಕಿ ಸರಿಪಡಿಸುವುದು ದಾರಿ.

ಆದರೆ ನಮ್ಮ ಯುವಕರಿಗೆ ಸುಲಭದ ದಾರಿಯೊಂದನ್ನು ತೋರಿಸುವವರಿದ್ದಾರೆ. ಗಾಳಿಯ ಕೊಳವೆಯನ್ನು ಕಿತ್ತು, ಬಾಯಿಗೆ ತಗಡಿನ ತುಂಡೊಂದನ್ನು ಬಿಗಿದುಬಿಡುವುದು. ಪೇಟೆಯೊಂದರ ಗ್ಯಾರೇಜಿನಲ್ಲಿ ಇದನ್ನು ಮಾಡುತ್ತಿದ್ದ ಯುವಕನನ್ನು ನಾವು ಕೇಳಿದಾಗ ಅವನು ನಗುತ್ತ, "ಬಂದ್ ಮಾಡಿದರೆ ಏನೂ ಆಗುವುದಿಲ್ಲ ಮಾಷ್ಟ್ರೇ, ಗಾಡಿ ಒಳ್ಳೆ ಓಡ್ತದೆ" ಎಂದನು. ಗಾಡಿಗೆ ಏನೂ ಆಗದೆಂಬ ಅವನ ಮಾತು ಸುಳ್ಳಲ್ಲ. ಎರಡನೆಯ ಗಾಳಿಯು ಇಂಜಿನಿನ ಬಲವನ್ನು ಹೆಚ್ಚಿಸುವುದೂ ಇಲ್ಲ, ಕುಗ್ಗಿಸುವುದೂ ಇಲ್ಲ. ಅದು ಹೊಗೆಯ ದಾರಿಯಲ್ಲಿ ಕೆಲಸ ಮಾಡುವಂಥದು. ಅದನ್ನು ಮುಚ್ಚಿದುದರಿಂದ ಬಲ ಬಂದಂತೆ ತೋರುವುದು ಶಬ್ದ ನಿಂತ ಭ್ರಮೆಯಿಂದ. ನಷ್ಟವಾಗುವುದು ಗಾಡಿಗಲ್ಲ, ಗಾಡಿಯ ಹಿಂದೆ ನಿಂತವರಿಗೆ. ಈ ಲೆಕ್ಕ ಮೆಕ್ಯಾನಿಕನ ಬಿಲ್ಲಿನಲ್ಲಿ ಬರುವುದಿಲ್ಲ.

ಕಾನೂನೂ ಇದನ್ನು ಒಪ್ಪುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೆಯ ವಿಧಿಯು ತಯಾರಕರು ನಿರ್ದಿಷ್ಟಪಡಿಸಿದ ರಚನೆಗೆ ವಿರುದ್ಧವಾದ ಮಾರ್ಪಾಡುಗಳನ್ನು ನಿಷೇಧಿಸುತ್ತದೆ. ಕೇರಳದಿಂದಲೇ ಹೋದ ಮೊಕದ್ದಮೆಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಈ ವಿಧಿಯ ಅರ್ಥವನ್ನು ಇನ್ನಷ್ಟು ಸ್ಪಷ್ಟಗೊಳಿಸಿ ತೀರ್ಪಿತ್ತಿದೆ. ಇದೇ ಕಾರಣದಿಂದ, ಪಂಪಿಲ್ಲದ ವಾಹನಕ್ಕೆ ಹೊಸದಾಗಿ ಪಂಪು ಕೂರಿಸುವ ಅತಿ ಉತ್ಸಾಹವೂ ಬೇಡ. ಗಾಳಿಯ ಪ್ರಮಾಣ, ಹೊಗೆಯ ಶಾಖ, ಕಂಪ್ಯೂಟರಿನ ಆಜ್ಞೆ ಇವು ಮೂರೂ ಹೊಂದದಿದ್ದರೆ ಕನ್ವರ್ಟರು ಸುಟ್ಟುಹೋದೀತು. ಇರುವುದನ್ನು ಇರುವಂತೆ ಕಾಪಾಡುವುದೇ ವಿವೇಕ.

ಹೊಸ ಪಂಪನ್ನು ಜೋಡಿಸುವ ಕ್ರಮ

ಕಾರಿನಲ್ಲಿ ಇಂಜಿನಿನ ಚಿತ್ರವಿರುವ ಹಳದಿ ದೀಪವು ಉರಿದು, ಪರೀಕ್ಷಾ ಯಂತ್ರದಲ್ಲಿ ಪಿ 0410 ಅಥವಾ ಪಿ 0411 ಎಂಬ ಸಂಖ್ಯೆ ಕಾಣಿಸಿದರೆ ಎರಡನೆಯ ಗಾಳಿಯಲ್ಲಿ ಲೋಪವಿದೆಯೆಂದು ಅರ್ಥ. ಮೊದಲನೆಯದು ವ್ಯವಸ್ಥೆಯೇ ಕೆಟ್ಟಿದೆಯೆಂಬುದರ ಸೂಚನೆ, ಎರಡನೆಯದು ಗಾಳಿಯ ಹರಿವು ಸರಿಯಾಗಿಲ್ಲವೆಂಬುದರ ಸೂಚನೆ. ಸಂಖ್ಯೆಯನ್ನು ಕಂಡ ಕೂಡಲೇ ಪಂಪನ್ನು ಬದಲಿಸುವುದು ಜ್ವರವನ್ನು ಕಂಡ ಕೂಡಲೇ ಕೈಗೆ ಸಿಕ್ಕಿದ ಮಾತ್ರೆಯನ್ನು ನುಂಗಿದಂತೆ. ಮೊದಲು ಕಾರಣವನ್ನು ಹುಡುಕಬೇಕು.

ಈ ಪಂಪಿಗೆ ವಿದ್ಯುತ್ತಿನ ಹಸಿವು ದೊಡ್ಡದು. ಹಲವು ಕಾರುಗಳಲ್ಲಿ ಇದಕ್ಕಾಗಿಯೇ 40 ಅಥವಾ 50 ಆಂಪಿಯರಿನ ಪ್ರತ್ಯೇಕ ಫ್ಯೂಸೂ ಒಂದು ರಿಲೇಯೂ ಇರುತ್ತವೆ. ಅವೆರಡನ್ನು ಮೊದಲು ನೋಡಬೇಕು. ಆಮೇಲೆ, ರಾತ್ರಿಯೆಲ್ಲ ನಿಂತು ತಣಿದ ಇಂಜಿನನ್ನು ಚಾಲೂ ಮಾಡಿ ಕಿವಿಗೊಡಬೇಕು. ಮಿಕ್ಸಿಯ ಸದ್ದಿನಂತಹ ಸದ್ದು ಕೇಳಿ, ನಿಮಿಷದೊಳಗೆ ನಿಂತರೆ ಪಂಪು ತಿರುಗುತ್ತಿದೆಯೆಂದಾಯಿತು. ಸದ್ದೇ ಇಲ್ಲದಿದ್ದರೆ ಪಂಪಿನ ವಯರಿಗೆ ಬ್ಯಾಟರಿಯ 12 ವೋಲ್ಟು ಬರುತ್ತಿದೆಯೇ ಎಂದು ಮೀಟರಿನಿಂದ ಅಳೆಯಬೇಕು. ವಿದ್ಯುತ್ತು ಬಂದೂ ತಿರುಗದಿದ್ದರೆ ಮಾತ್ರ ತಪ್ಪು ಪಂಪಿನದು. ಪಂಪು ತಿರುಗುತ್ತಿದ್ದು ದೀಪವೂ ಉರಿಯುತ್ತಿದ್ದರೆ ಒಡೆದ ಕೊಳವೆ, ಕಟ್ಟಿದ ದಾರಿ ಅಥವಾ ತೆರೆಯದ ವಾಲ್ವನ್ನು ಸಂಶಯಿಸಬೇಕು.

ಇನ್ನು ಜೋಡಣೆ. ಇಂಜಿನು ಪೂರ್ತಿ ತಣಿಯಬೇಕು. ಬಿಸಿ ಹೊಗೆಯ ಕೊಳವೆಯ ಪಕ್ಕದಲ್ಲಿ ಕೈಯಾಡಿಸುವ ಕೆಲಸವಿದು. ಬ್ಯಾಟರಿಯ ನೆಗೆಟಿವ್ ತುದಿಯನ್ನು ಕಳಚಬೇಕು. ಪಂಪಿನ ವಯರಿನ ಸಾಕೆಟ್ಟನ್ನು ಬಿಡಿಸಿ, ಗಾಳಿ ಒಳಬರುವ ಮತ್ತು ಹೊರಹೋಗುವ ಕೊಳವೆಗಳ ಕ್ಲಿಪ್ಪುಗಳನ್ನು ಒತ್ತಿ ತೆಗೆಯಬೇಕು. ಪ್ಲಾಸ್ಟಿಕ್ಕಿನ ಕೊಳವೆ ವರ್ಷಗಟ್ಟಲೆ ಶಾಖದಲ್ಲಿ ಬೆಂದು ಹಪ್ಪಳದಂತಾಗಿರುತ್ತದೆ; ಎಳೆದಾಡಿದರೆ ಮುರಿಯುತ್ತದೆ. ಪಂಪನ್ನು ಹಿಡಿದಿಟ್ಟ ಬೋಲ್ಟು ಅಥವಾ ನಟ್ಟುಗಳು ಸಾಮಾನ್ಯವಾಗಿ ಮೂರು, ಅವುಗಳಿಗೆ ಅಡಿಯಲ್ಲಿ ರಬ್ಬರಿನ ಬುಷ್ಷುಗಳು. ಪಂಪಿನ ಅದುರುವಿಕೆ ಕಾರಿನ ಮೈಗೆ ತಾಗದಿರಲೆಂದು ಈ ರಬ್ಬರು. ಹೊಸ ಪಂಪನ್ನು ಕೂರಿಸುವಾಗ ಹಳೆಯ ಬುಷ್ಷು ಬಿರಿದಿದ್ದರೆ ಅದನ್ನೂ ಬದಲಿಸಬೇಕು. ಲೋಹಕ್ಕೆ ಲೋಹ ತಾಗುವಂತೆ ಬಿಗಿದರೆ ಕಾರಿನೊಳಗೆ ಕುಳಿತವರ ಕಿವಿಗೆ ಸುಖವಿಲ್ಲ.

ಇಷ್ಟಾದ ಮೇಲೆ ಬಹಳ ಮುಖ್ಯವಾದ, ಆದರೆ ಬಹಳ ಕಡೆ ತಪ್ಪಿಹೋಗುವ ಒಂದು ಮೆಟ್ಟಿಲಿದೆ. ಪಂಪಿಗೂ ಹೊಗೆಯ ದಾರಿಗೂ ನಡುವೆ ಒಂದು ವಾಲ್ವಿದೆ. ಗಾಳಿಯನ್ನು ಆ ಕಡೆಗೆ ಬಿಡುವುದು, ಹೊಗೆಯನ್ನು ಈ ಕಡೆಗೆ ಬಿಡದಿರುವುದು ಅದರ ಧರ್ಮ. ಈ ವಾಲ್ವು ಸೋರತೊಡಗಿದರೆ ಬಿಸಿ ಹೊಗೆಯೂ ಅದರೊಳಗಿನ ನೀರಾವಿಯೂ ಹಿಂದಕ್ಕೆ ಪಂಪಿನೊಳಗೆ ಸೇರಿ, ತಣಿದು ನೀರಾಗಿ ನಿಂತು, ಅದರ ಮೋಟಾರಿಗೆ ತುಕ್ಕು ಹಿಡಿಸುತ್ತವೆ. ಪಂಪು ಸಾಯುವುದು ಅನೇಕ ವೇಳೆ ತನ್ನ ರೋಗದಿಂದಲ್ಲ, ವಾಲ್ವಿನ ರೋಗದಿಂದ. ನಮ್ಮ ಪರಿಚಯದ ಕುಟುಂಬವೊಂದು ಹೀಗೆಯೇ ಎರಡು ವರ್ಷಗಳಲ್ಲಿ ಎರಡು ಪಂಪುಗಳಿಗೆ ಹಣ ತೆತ್ತಿತು. ಮೂರನೆಯ ಸಲ ಪೆರ್ಲದ ಕಡೆಯ ಒಬ್ಬ ಹಿರಿಯ ಮೆಕ್ಯಾನಿಕ್, ಕಳಚಿದ ಹಳೆಯ ಪಂಪನ್ನು ಕೈಯಲ್ಲಿ ಬೋರಲು ಹಿಡಿದರು. ಕಂದು ಬಣ್ಣದ ನೀರು ತೊಟ್ಟಿಕ್ಕಿತು. "ಇದು ಮಳೆ ನೀರಲ್ಲ, ಸೈಲೆನ್ಸರ್ ನೀರು, ಮೊದಲು ವಾಲ್ವು ತರಿಸಿ" ಎಂದರು. ವಾಲ್ವನ್ನೂ ಸೇರಿಸಿ ಬದಲಿಸಿದ ಮೇಲೆ ಆ ಕಾರಿನ ದೀಪ ಮತ್ತೆ ಉರಿದಿಲ್ಲ. ಹಳೆಯ ಪಂಪಿನೊಳಗೆ ನೀರೋ ಮಸಿಯೋ ಕಂಡರೆ ವಾಲ್ವನ್ನು ಬದಲಿಸದೆ ಹೊಸ ಪಂಪನ್ನು ಜೋಡಿಸಲೇಬಾರದು.

ಎಲ್ಲವನ್ನೂ ಬಿಗಿದು, ಸಾಕೆಟ್ಟು ಕ್ಲಿಕ್ಕೆಂದು ಕೂರುವವರೆಗೆ ಒತ್ತಿ, ಬ್ಯಾಟರಿಯನ್ನು ಜೋಡಿಸಿ, ಪರೀಕ್ಷಾ ಯಂತ್ರದಿಂದ ಹಳೆಯ ಸಂಖ್ಯೆಯನ್ನು ಅಳಿಸಬೇಕು. ಆದರೆ ಅಳಿಸಿದಲ್ಲಿಗೆ ಕೆಲಸ ಮುಗಿಯಲಿಲ್ಲ. ಮರುದಿನ ಬೆಳಗ್ಗೆ ತಣ್ಣಗಿನ ಇಂಜಿನನ್ನು ಚಾಲೂ ಮಾಡಿ ಸದ್ದನ್ನು ಕೇಳಿದ ಮೇಲೆಯೇ ಮೆಕ್ಯಾನಿಕನಿಗೆ ಪೂರ್ತಿ ಹಣ ಕೊಡುವುದು ಜಾಣತನ.

ನಮ್ಮ ನೆಲದ ಹವೆ

ಕಾಸರಗೋಡಿನಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ಮಂಜೇಶ್ವರ, ಉಪ್ಪಳ, ಕುಂಬಳೆಗಳ ಕಡಲ ಕರೆಯಲ್ಲಿ ಗಾಳಿಯೇ ಉಪ್ಪು. ಆದುದರಿಂದ ಇಲ್ಲಿನ ವಾಹನಗಳಿಗೆ ಕೆಲವು ವಿಶೇಷ ಎಚ್ಚರಿಕೆಗಳು ಬೇಕು. ರಿಲೇ ಮತ್ತು ಸಾಕೆಟ್ಟುಗಳಲ್ಲಿ ಹಸಿರು ಕಿಲುಬು ಕಟ್ಟಿದೆಯೇ ಎಂದು ಮಳೆಗಾಲದ ಮೊದಲೂ ಅನಂತರವೂ ನೋಡಬೇಕು. ತೋಡು ಉಕ್ಕಿ ಹರಿಯುವ ದಾರಿಯಲ್ಲಿ ಕಾರನ್ನು ನುಗ್ಗಿಸಬಾರದು. ಕೆಲವು ಮಾದರಿಗಳಲ್ಲಿ ಪಂಪು ಇರುವುದು ತಗ್ಗಿನಲ್ಲಿ. ಶೆಡ್ಡಿನಲ್ಲಿ ವಾರಗಟ್ಟಲೆ ನಿಂತ ಕಾರಿನ ಗಾಳಿಯ ಕೊಳವೆಗಳಲ್ಲಿ ಇಲಿ ಹೆಗ್ಗಣಗಳು ಸಂಸಾರ ಹೂಡುವುದೂ ಉಂಟು.

ಶೆಡ್ಡಿನ ಮಾತು ಬಂದುದರಿಂದ ಇನ್ನೊಂದನ್ನೂ ಒತ್ತಿ ಹೇಳಬೇಕಾಗಿದೆ. ಇಂಗಾಲದ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ನೆತ್ತರಿನ ಹೀಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಾಲಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಪಂಪಿರಲಿ, ಇಲ್ಲದಿರಲಿ, ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಇಂಜಿನನ್ನು ಓಡಿಸುವುದು ಪ್ರಾಣಾಪಾಯಕರ. ಹೊರಗೆ ಮಳೆಯೆಂದು ಮಕ್ಕಳನ್ನು ಒಳಗೆ ಕೂರಿಸಿ, ಮುಚ್ಚಿದ ಜಾಗದಲ್ಲಿ ಕಾರನ್ನು ಚಾಲೂ ಇಟ್ಟು ಕಾಯುವ ಅಭ್ಯಾಸವನ್ನು ಇಂದೇ ಬಿಡಬೇಕು.

ಗಾಳಿಗೆ ಬಿಟ್ಟುದು ಎಲ್ಲಿಗೆ ಹೋಗುತ್ತದೆ?

ಇಷ್ಟು ಸಣ್ಣ ಯಂತ್ರದ ವಿಷಯಕ್ಕೆ ಇಷ್ಟು ದೊಡ್ಡ ಮಾತೇಕೆ ಎನ್ನುವವರಿರಬಹುದು. ಬೇರೆ ಜಿಲ್ಲೆಯವರು ಹಾಗೆಂದರೆ ಕ್ಷಮಿಸಬಹುದು, ಕಾಸರಗೋಡಿನವರು ಹಾಗೆನ್ನುವಂತಿಲ್ಲ. ಗೇರುತೋಟಗಳ ಮೇಲೆ ಆಕಾಶದಿಂದ ಎಂಡೋಸಲ್ಫಾನ್ ಸಿಂಪಡಿಸುವುದು ನಮ್ಮ ಜಿಲ್ಲೆಯಲ್ಲಿ 1970ರ ದಶಕದಿಂದ 2000ದವರೆಗೂ ನಡೆಯಿತು. ಎಣ್ಮಕಜೆ, ಪಡ್ರೆ ಮೊದಲಾದ ಕಡೆಗಳ ಮನೆಗಳಲ್ಲಿ ಅದರ ನೋವು ಇನ್ನೂ ಮುಗಿದಿಲ್ಲ. ಸರ್ವೋಚ್ಚ ನ್ಯಾಯಾಲಯವು 2011ರ ಮೇ ತಿಂಗಳಲ್ಲಿ ಆ ವಿಷವನ್ನು ತಡೆಹಿಡಿದು, 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡುವಂತೆ ಕೇರಳ ಸರಕಾರಕ್ಕೆ ಆಜ್ಞಾಪಿಸಿತು. ವಾಹನದ ಹೊಗೆಯನ್ನು ಆ ದುರಂತದೊಂದಿಗೆ ತೂಗುವುದು ನಮ್ಮ ಉದ್ದೇಶವಲ್ಲ. ಆದರೆ ಗಾಳಿಗೆ ಬಿಟ್ಟ ವಸ್ತು ಗಾಳಿಯಲ್ಲಿ ಮಾಯವಾಗುವುದಿಲ್ಲ, ಯಾರದೋ ಶ್ವಾಸಕೋಶವನ್ನು ಹುಡುಕಿಕೊಂಡು ಹೋಗುತ್ತದೆ ಎಂಬ ಪಾಠವನ್ನು ನಮ್ಮಷ್ಟು ಬೆಲೆ ತೆತ್ತು ಕಲಿತವರು ಕಡಿಮೆ.

ಬೆಳಗ್ಗೆ ಒಂಬತ್ತೂವರೆಗೆ ಯಾವುದೇ ಶಾಲೆಯ ಗೇಟಿನ ಮುಂದೆ ನಿಂತು ನೋಡಿದರೆ ಸಾಕು. ಸಾಲುಗಟ್ಟಿ ನಿಂತ ಬೈಕುಗಳು, ರಿಕ್ಷಾಗಳು, ಕಾರುಗಳು. ಅವುಗಳ ಸೈಲೆನ್ಸರಿನ ಎತ್ತರಕ್ಕೆ ಸರಿಯಾಗಿ ಒಂದನೆಯ ತರಗತಿಯ ಮಗುವಿನ ಮುಖ. ಮನೆ ಹತ್ತಿರವಿದ್ದರೆ ಇಂಜಿನು ಪೂರ್ತಿ ಕಾಯುವ ಮೊದಲೇ ಗಾಡಿ ಶಾಲೆಗೆ ಮುಟ್ಟಿರುತ್ತದೆ. ಯಾವ ಒಂದು ನಿಮಿಷಕ್ಕಾಗಿ ಈ ಎರಡನೆಯ ಗಾಳಿಯ ಏರ್ಪಾಡು ಇದೆಯೋ, ಆ ನಿಮಿಷವನ್ನು ನಾವು ಕಳೆಯುವುದು ಮಕ್ಕಳ ಮುಂದೆಯೇ. ಗಾಡಿಯನ್ನು ಗೇಟಿನಿಂದ ಹತ್ತು ಮಾರು ದೂರದಲ್ಲಿ ನಿಲ್ಲಿಸಿ, ಇಂಜಿನನ್ನು ಆರಿಸಿ, ಮಗುವನ್ನು ಕೈಹಿಡಿದು ನಡೆಸಿಕೊಂಡು ಬಂದರೆ ಯಾರ ಗಂಟೂ ಹೋಗದು.

ಗಡಿ ದಾಟುವವರ ಕಾಗದಪತ್ರ

ತಲಪಾಡಿಯನ್ನೋ ಚೆರ್ಕಳ-ಕಲ್ಲಡ್ಕ ರಸ್ತೆಯ ಗಡಿಯನ್ನೋ ದಿನವೂ ದಾಟುವ ಕುಟುಂಬಗಳಿಗೆ ಹೊಗೆ ಪರೀಕ್ಷೆಯ ಪತ್ರದ ಬಗ್ಗೆ ಆಗಾಗ ಗೊಂದಲವುಂಟಾಗುತ್ತದೆ. ಕೇಂದ್ರದ ಮೋಟಾರು ವಾಹನ ನಿಯಮಗಳಂತೆ, ಹೊಸ ವಾಹನಕ್ಕೆ ಮೊದಲ ಒಂದು ವರ್ಷ ಪತ್ರದ ಅಗತ್ಯವಿಲ್ಲ. ಆಮೇಲೆ ನಾಲ್ಕನೆಯ ಮತ್ತು ಆರನೆಯ ಮೆಟ್ಟಿಲಿನ ವಾಹನಗಳಿಗೆ ಪತ್ರದ ಅವಧಿ ಒಂದು ವರ್ಷ, ಅದಕ್ಕಿಂತ ಹಳೆಯವುಗಳಿಗೆ ಆರು ತಿಂಗಳು. 2021ರಿಂದ ಈ ಪತ್ರಕ್ಕೆ ದೇಶದಾದ್ಯಂತ ಒಂದೇ ನಮೂನೆ. 2019ರ ತಿದ್ದುಪಡಿಯಂತೆ ಹೊಗೆಯ ಮಿತಿಯನ್ನು ಮೀರಿದ ವಾಹನಕ್ಕೆ ಕಾಯ್ದೆಯಲ್ಲಿರುವ ಗರಿಷ್ಠ ದಂಡ 10,000 ರೂಪಾಯಿ.

ಆದರೆ ಪತ್ರವೇ ಶುದ್ಧಿಯಲ್ಲ. ಆ ಪರೀಕ್ಷೆ ನಡೆಯುವುದು ಇಂಜಿನು ಕಾದ ಮೇಲೆ, ಗಾಡಿ ನಿಂತಲ್ಲಿಯೇ. ಬೆಳಗಿನ ಮೊದಲ ನಿಮಿಷದ ಹೊಗೆಯನ್ನು ಆ ಯಂತ್ರ ಕಾಣುವುದೇ ಇಲ್ಲ. ಕಾರಿನ ಪಂಪು ಸತ್ತಿದ್ದರೂ ಪತ್ರ ಸಿಕ್ಕೀತು. ಪರೀಕ್ಷೆಯಲ್ಲಿ ಪಾಸಾಗುವುದೂ ವಿಷಯವನ್ನು ಕಲಿಯುವುದೂ ಬೇರೆ ಬೇರೆಯೆಂದು ಶಾಲೆಯಲ್ಲಿ ಬದುಕು ಸವೆಸಿದವರಿಗೆ ಹೇಳಿಕೊಡಬೇಕಾಗಿಲ್ಲ.

ಕೆಲಸದ ಭಾಷೆ

ಕೊನೆಯದಾಗಿ ನಮ್ಮ ಮಕ್ಕಳ ಬಗ್ಗೆ ಒಂದು ಮಾತು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಬಳಿಕ ಕನ್ನಡ ಶಾಲೆಗಳನ್ನು ಉಳಿಸಿಕೊಳ್ಳುವ ಹೋರಾಟದಲ್ಲಿ ನಾವು ಸಾಹಿತ್ಯದ, ಯಕ್ಷಗಾನದ, ಹಬ್ಬ ಹರಿದಿನಗಳ ಕನ್ನಡವನ್ನು ಶ್ರದ್ಧೆಯಿಂದ ಕಾಪಾಡಿಕೊಂಡು ಬಂದಿದ್ದೇವೆ. ಅದು ಆಗಲೇಬೇಕಾದ ಕೆಲಸ. ಆದರೆ ಸ್ಪ್ಯಾನರು ಹಿಡಿದ ಕೈಯ ಕನ್ನಡವನ್ನು ನಾವು ಅಷ್ಟಾಗಿ ಗಮನಿಸಿಲ್ಲ. ಹತ್ತನೆಯ ತರಗತಿ ಮುಗಿಸಿ ಐ.ಟಿ.ಐ.ಯಲ್ಲಿ ಮೋಟಾರು ವಾಹನ ಮೆಕ್ಯಾನಿಕಿನ ಎರಡು ವರ್ಷದ ಶಿಕ್ಷಣಕ್ಕೆ ಸೇರುವ ಕನ್ನಡ ಮಾಧ್ಯಮದ ಹುಡುಗನ ಕೈಗೆ ಇಂಗ್ಲಿಷಿನ ಪುಸ್ತಕ, ಕಿವಿಗೆ ಮಲಯಾಳದ ಪಾಠ. ವಾಲ್ವನ್ನು ಬಿಚ್ಚುವುದನ್ನು ಅವನು ನೋಡಿ ಕಲಿಯುತ್ತಾನೆ; ವಾಲ್ವು ಯಾಕೆ ಬೇಕೆಂಬುದು ಅವನ ಮನಸ್ಸಿಗೆ ಇಳಿಯುವುದಿಲ್ಲ. ಯಾಕೆಂದು ತಿಳಿಯದವನಿಗೆ ತಗಡು ಬಿಗಿದು ಮುಚ್ಚುವುದೂ ರಿಪೇರಿಯೇ.

ಇದಕ್ಕೆ ಕಷ್ಟದ ಪದಗಳನ್ನು ಹೊಸದಾಗಿ ಸೃಷ್ಟಿಸಬೇಕಾಗಿಲ್ಲ. ಪಂಪು ಪಂಪೇ ಇರಲಿ, ರಿಲೇ ರಿಲೇಯೇ ಇರಲಿ. ಅದರ ಹಿಂದಿನ ಕಾರಣವನ್ನು ಮಾತ್ರ ಅವನ ಮನೆಮಾತಿನಲ್ಲಿ, ಅವನು ಕಂಡ ವಸ್ತುಗಳ ಮೂಲಕ ಹೇಳಿಕೊಡಬೇಕು. ಪ್ರೌಢಶಾಲೆಗಳ ವಿಜ್ಞಾನ ಸಂಘಗಳು ವರ್ಷಕ್ಕೊಮ್ಮೆ ಊರಿನ ಒಬ್ಬ ಅನುಭವಸ್ಥ ಮೆಕ್ಯಾನಿಕರನ್ನು ಶಾಲೆಗೆ ಬರಮಾಡಿಕೊಂಡು, ಹಳೆಯ ಇಂಜಿನೊಂದನ್ನು ಮಕ್ಕಳ ಮುಂದೆ ಬಿಚ್ಚಿಸಿ, ಕನ್ನಡದಲ್ಲಿಯೇ ವಿವರಿಸಿದರೆ ಖರ್ಚು ಒಂದು ಊಟದ್ದು, ಫಲ ಒಂದು ತಲೆಮಾರಿನದು. ಹಾಗೆ ಕಲಿತ ಹುಡುಗ ನಾಳೆ ಗ್ಯಾರೇಜು ತೆರೆದಾಗ, ಬಂದ್ ಮಾಡಿಕೊಡು ಎಂದು ಬಂದ ಗಿರಾಕಿಗೆ, "ಬೇಡ ಅಣ್ಣ, ಇದು ಇರುವುದು ನಿಮ್ಮ ಮಕ್ಕಳಿಗಾಗಿ" ಎಂದು ತಿಳಿಯ ಹೇಳುವ ಧೈರ್ಯ ಅವನಿಗಿದ್ದೀತು.